ತಿಂದದ್ದು ಮೈಗೆ ಹತ್ತದಿದ್ದಾಗ

ಉತ್ತರ ಭಾರತದ ದೊಡ್ಡ ಆಸ್ಪತ್ರೆಗಳಲ್ಲಿ ಮಕ್ಕಳ ಹೊರರೋಗಿ ವಿಭಾಗದ ಸಾಲಿನತ್ತ ಕಣ್ಣು ಹಾಯಿಸಿದರೆ ಇಂಥ ಮಗುವೊಂದು ಕಾಣದೇ ಇರುವುದು ಅಪರೂಪ. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಉಬ್ಬಿ ಮುಂದೆ ಬಂದಿದೆ. ವಯಸ್ಸು ಐದಾದರೂ ನೋಡಲು ಮೂರರ ಮಗುವಿನಂತಿದೆ. ಮುಖ ಬಿಳಿಚಿಕೊಂಡಿದೆ, ಸಣ್ಣದಕ್ಕೂ ರೇಗುತ್ತದೆ, ಅಮ್ಮನ ಮಡಿಲು ಬಿಟ್ಟು ಏಳುವುದಿಲ್ಲ. ತಾಯಂದಿರು ಹೇಳುವ ಕಥೆಯೂ ಹೆಚ್ಚುಕಡಿಮೆ ಒಂದೇ: ಎದೆಹಾಲು ಕುಡಿಯುವಾಗ ಗುಂಡುಗುಂಡಾಗಿತ್ತು, ಚಪಾತಿ ತಿನ್ನಿಸಲು ಶುರು ಮಾಡಿ ಕೆಲವು ತಿಂಗಳಾದ ಮೇಲೆ ಇಳಿಯುತ್ತಾ ಬಂತು, ಈಗ ಎಷ್ಟು ತಿಂದರೂ ಮೈಗೆ ಹತ್ತುವುದಿಲ್ಲ. ಸೊರಗಿದ ಮಗುವಿಗೆ ಶಕ್ತಿ ಬರಲೆಂದು ಮನೆಯವರು ಇನ್ನೊಂದು ಚಪಾತಿಯನ್ನು ಹಾಲಿನಲ್ಲಿ ನೆನೆಸಿ ತಿನ್ನಿಸುತ್ತಾರೆ. ಮಗು ಇನ್ನಷ್ಟು ಇಳಿಯುತ್ತದೆ.

ಉತ್ತರದ ಕಡೆ ಇದನ್ನು ಹಿಂದೆ ‘ಬೇಸಿಗೆ ಭೇದಿ’ ಎಂದು ಕರೆದದ್ದುಂಟು. ಚಳಿಗಾಲವಿಡೀ ಮೆಕ್ಕೆಜೋಳದ ರೊಟ್ಟಿ ತಿನ್ನುತ್ತಿದ್ದ ಮನೆಗಳಿಗೆ ಬೇಸಿಗೆಯಲ್ಲಿ ಹೊಸ ಗೋಧಿ ಬರುತ್ತಿತ್ತು, ಅದರ ಬೆನ್ನಿಗೇ ಭೇದಿ. ಬಿಸಿಲು, ನೀರು, ನೊಣ ಎಲ್ಲದರ ಮೇಲೂ ಅನುಮಾನ ಬಂತು. ತಟ್ಟೆಯಲ್ಲಿದ್ದ ಗೋಧಿಯ ಮೇಲೆ ಮಾತ್ರ ಬರಲಿಲ್ಲ. ಉತ್ತರ ಭಾರತದ ಮಕ್ಕಳಲ್ಲಿ ಕಾಣುವ ಈ ಕಾಯಿಲೆಯನ್ನು ಅದರ ನಿಜವಾದ ಹೆಸರಿನಿಂದ ಗುರುತಿಸಿದ ವರದಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದದ್ದು 1966ರಲ್ಲಿ. ಹೆಸರು ಸೀಲಿಯಾಕ್ ಕಾಯಿಲೆ.

ಈ ಹೆಸರನ್ನು ನಮ್ಮಲ್ಲಿ ಅನೇಕರು ಕೇಳಿದ್ದಾರೆ, ‘ಗ್ಲುಟೆನ್ ಫ್ರೀ’ ಎಂದು ಬರೆದ ಪೊಟ್ಟಣಗಳನ್ನು ಅಂಗಡಿಯಲ್ಲಿ ನೋಡಿದ್ದಾರೆ. ಆದರೆ ಇದು ಗೋಧಿಯ ಅಲರ್ಜಿಯೂ ಅಲ್ಲ, ಅಜೀರ್ಣವೂ ಅಲ್ಲ. ನಮ್ಮನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ನಮ್ಮ ಕರುಳಿನ ಮೇಲೆ ತಿರುಗಿ ಬೀಳುವ ಸ್ಥಿತಿ. ಇಂಥ ಸ್ವನಿರೋಧಕ ಕಾಯಿಲೆಗಳು ಹತ್ತಾರಿವೆ. ಸಂಧಿವಾತದ ಕೆಲವು ಬಗೆಗಳು, ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಟೈಪ್ 1 ಮಧುಮೇಹ, ಥೈರಾಯ್ಡ್‌ನ ಕೆಲವು ತೊಂದರೆಗಳು ಎಲ್ಲವೂ ಇದೇ ಗುಂಪಿನವು. ಕೆಣಕುವ ವಸ್ತು ಯಾವುದು, ದಾರಿ ಮಾಡಿಕೊಡುವ ಜೀನ್ ಯಾವುದು, ದಾಳಿಗೆ ಒಳಗಾಗುವ ದೇಹದ ಅಂಶ ಯಾವುದು ಎಂಬ ಮೂರೂ ಇಷ್ಟು ಸ್ಪಷ್ಟವಾಗಿ ಗೊತ್ತಿರುವುದು ಸೀಲಿಯಾಕ್‌ನಲ್ಲಿ. ಅದಕ್ಕಾಗಿಯೇ ಇದರ ಸಂಶೋಧನೆ ಈ ರೋಗಿಗಳಾಚೆಗೂ ಮುಖ್ಯವಾಗಿದೆ.

ರೊಟ್ಟಿಯಿಲ್ಲದ ಚಳಿಗಾಲ

ಸಣ್ಣ ಕರುಳಿನ ಒಳಗೋಡೆ ನುಣುಪಾಗಿಲ್ಲ. ಟರ್ಕಿ ಟವೆಲ್ಲಿನ ಎಳೆಗಳಂತೆ ಒತ್ತೊತ್ತಾಗಿ ನಿಂತ ವಿಲ್ಲೈ ಎಂಬ ಕಿರುಬೆರಳುಗಳು ಅದರ ತುಂಬ ಇವೆ. ಅನ್ನದ ಸಾರ, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್‌ಗಳನ್ನು ಹೀರಿಕೊಳ್ಳುವ ಜಾಗ ಅದು. ಸೀಲಿಯಾಕ್ ರೋಗಿಯಲ್ಲಿ ಈ ಬೆರಳುಗಳು ಸವೆದು ಗೋಡೆ ಚಪ್ಪಟೆಯಾಗುತ್ತದೆ. ಊಟ ಹೊಟ್ಟೆಗೆ ಹೋಗುತ್ತದೆ, ಮೈಗೆ ಸೇರುವುದಿಲ್ಲ.

ಲಂಡನ್ನಿನ ವೈದ್ಯ ಸ್ಯಾಮ್ಯುಯೆಲ್ ಗೀ 1888ರಲ್ಲಿ ಈ ಕಾಯಿಲೆಯನ್ನು ಚೆನ್ನಾಗಿ ವರ್ಣಿಸಿ, ಗುಣವಾಗುವುದಿದ್ದರೆ ಆಹಾರದಿಂದಲೇ ಎಂದಿದ್ದ. ಯಾವ ಆಹಾರ ಎನ್ನುವುದು ಗೊತ್ತಿರಲಿಲ್ಲ. ಅಮೆರಿಕದಲ್ಲಿ 1920ರ ದಶಕದಿಂದ ಸಿಡ್ನಿ ಹಾಸ್ ಎಂಬ ವೈದ್ಯ ಬಾಳೆಹಣ್ಣಿನ ಪಥ್ಯ ಮಾಡಿಸಿ ಮಕ್ಕಳನ್ನು ಉಳಿಸಿದ. ಬಾಳೆಹಣ್ಣಿನಲ್ಲೇ ಔಷಧಿಯಿದೆ ಎಂದು ಎಲ್ಲರೂ ನಂಬಿದರು. ಆ ಪಥ್ಯದಲ್ಲಿ ಬ್ರೆಡ್ ಇರಲಿಲ್ಲ ಎಂಬುದರ ಮಹತ್ವ ತಿಳಿದದ್ದು ಬಹಳ ತಡವಾಗಿ.

ಅದನ್ನು ತಿಳಿಸಿಕೊಟ್ಟವರು ನೆದರ್‌ಲ್ಯಾಂಡ್ಸ್‌ನ ಹೇಗ್ ನಗರದ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ. ಗೋಧಿಯ ಮೇಲೆ ಅವರಿಗೆ 1930ರ ದಶಕದಲ್ಲೇ ಗುಮಾನಿ ಇತ್ತು. 1944–45ರ ಚಳಿಗಾಲದಲ್ಲಿ ನಾಜಿ ಸೇನೆಯ ಹಿಡಿತದಲ್ಲಿದ್ದ ಪಶ್ಚಿಮ ನೆದರ್‌ಲ್ಯಾಂಡ್ಸ್‌ಗೆ ಆಹಾರ ಬರುವುದು ನಿಂತಿತು. ಜನ ಟ್ಯೂಲಿಪ್ ಗೆಡ್ಡೆ ಬೇಯಿಸಿ ತಿಂದರು, ಸಾವಿರಾರು ಮಂದಿ ಹಸಿವಿನಿಂದ ಸತ್ತರು. ಇಡೀ ಊರು ಒಣಗುತ್ತಿದ್ದಾಗ ಡಿಕೆಯವರ ಸೀಲಿಯಾಕ್ ಮಕ್ಕಳು ಚೇತರಿಸಿಕೊಂಡರು. ಯುದ್ಧ ಮುಗಿದು ಬ್ರೆಡ್ ಮರಳಿ ಬಂದಾಗ ಕಾಯಿಲೆಯೂ ಮರಳಿತು. ಡಿಕೆ ಇದನ್ನು ಕಾಕತಾಳೀಯವೆಂದು ಬಿಡಲಿಲ್ಲ, ಬರೀ ಕಥೆಯಾಗಿ ಹೇಳಿ ಸುಮ್ಮನಾಗಲೂ ಇಲ್ಲ. ಮಕ್ಕಳಿಗೆ ಒಂದೊಂದೇ ಧಾನ್ಯ ಕೊಟ್ಟು, ಮಲದಲ್ಲಿ ಹೀರಿಕೆಯಾಗದೆ ಉಳಿದ ಕೊಬ್ಬನ್ನು ಅಳೆದು, 1950ರಲ್ಲಿ ಉಟ್ರೆಕ್ಟ್ ವಿಶ್ವವಿದ್ಯಾಲಯಕ್ಕೆ ಪ್ರಬಂಧ ಸಲ್ಲಿಸಿದರು. ಮುಂದೆ ವಾನ್ ಡಿ ಕಾಮರ್ ಮತ್ತು ವೈಯರ್ಸ್ ಎಂಬ ಸಂಶೋಧಕರ ಜತೆ ಸೇರಿ, ಗೋಧಿಯ ಪಿಷ್ಟ ನಿರಪಾಯ, ಕೇಡು ಇರುವುದು ಅದರ ಪ್ರೋಟೀನಿನಲ್ಲಿ ಎಂದು ತೋರಿಸಿದರು. ಹೋಳಿಗೆಯ ಕಣಕವನ್ನು ಎಳೆದಾಗ ಹರಿಯದೆ ಹಿಗ್ಗುವಂತೆ ಮಾಡುವ ಅದೇ ಅಂಟು ಪ್ರೋಟೀನು, ಗ್ಲುಟೆನ್. ಬಾರ್ಲಿ ಮತ್ತು ರೈ ಧಾನ್ಯಗಳಲ್ಲೂ ಅದರ ದಾಯಾದಿಗಳಿವೆ.

ಪೂರ್ತಿ ಅರಗದ ತುಣುಕು

ನಾವು ತಿಂದ ಪ್ರೋಟೀನನ್ನು ಜಠರ ಮತ್ತು ಕರುಳಿನ ಕಿಣ್ವಗಳು ಕತ್ತರಿಸಿ ಅಮೈನೋ ಆಮ್ಲಗಳ ಬಿಡಿ ಕಾಳುಗಳನ್ನಾಗಿ ಮಾಡುತ್ತವೆ. ಗ್ಲುಟೆನ್‌ನಲ್ಲಿ ಪ್ರೋಲೀನ್ ಎಂಬ ಅಮೈನೋ ಆಮ್ಲ ವಿಪರೀತ. ಪ್ರೋಲೀನ್ ಇರುವ ಕಡೆ ನಮ್ಮ ಕಿಣ್ವಗಳ ಹಲ್ಲು ನಾಟುವುದಿಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಚೈತನ್ ಖೋಸ್ಲಾ ಅವರ ತಂಡ 2002ರಲ್ಲಿ, 33 ಅಮೈನೋ ಆಮ್ಲಗಳಷ್ಟು ಉದ್ದದ ಒಂದು ಗ್ಲುಟೆನ್ ತುಣುಕು ಜಠರ, ಮೇದೋಜೀರಕ, ಕರುಳು ಮೂರರ ಕಿಣ್ವಗಳನ್ನೂ ದಾಟಿ ಇಡಿಯಾಗಿ ಉಳಿಯುವುದನ್ನು ತೋರಿಸಿತು. ಇದು ಎಲ್ಲರಲ್ಲೂ ನಡೆಯುವುದೇ. ಬಹುಪಾಲು ಜನರಿಗೆ ಆ ತುಣುಕಿನಿಂದ ಏನೂ ಆಗುವುದಿಲ್ಲ.

ತೊಂದರೆ ಹುಟ್ಟುವುದು ಅದು ಕರುಳಿನ ಗೋಡೆಯೊಳಗೆ ನುಸುಳಿದ ಮೇಲೆ. ಅಲ್ಲಿ ಟಿಶ್ಯೂ ಟ್ರಾನ್ಸ್‌ಗ್ಲುಟಮಿನೇಸ್ ಎಂಬ ಕಿಣ್ವವಿದೆ. ಗಾಯವಾದಾಗ ಪ್ರೋಟೀನುಗಳನ್ನು ಒಂದಕ್ಕೊಂದು ಬೆಸೆದು ರಿಪೇರಿ ಮಾಡುವುದು ಅದರ ಉದ್ಯೋಗ. ಗ್ಲುಟೆನ್ ತುಣುಕು ಎದುರಾದಾಗ ಅದು ತುಣುಕಿನೊಳಗಿನ ಗ್ಲುಟಮೀನನ್ನು ಗ್ಲುಟಾಮಿಕ್ ಆಮ್ಲವಾಗಿ ಬದಲಿಸುತ್ತದೆ. ರಸಾಯನಶಾಸ್ತ್ರದ ದೃಷ್ಟಿಯಲ್ಲಿ ತೀರಾ ಚಿಕ್ಕ ಮಾರ್ಪಾಡು. ತುಣುಕಿಗೆ ಋಣ ವಿದ್ಯುದಾವೇಶ ಬರುತ್ತದೆ, ಅಷ್ಟೇ. ಇಡೀ ಕಾಯಿಲೆ ನಿಂತಿರುವುದು ಆ ಚಿಕ್ಕ ಬದಲಾವಣೆಯ ಮೇಲೆ.

ಅರ್ಧ ಅಪ್ಪನದು, ಅರ್ಧ ಅಮ್ಮನದು

ನಮ್ಮ ಆರನೆಯ ವರ್ಣತಂತುವಿನಲ್ಲಿ ಎಚ್‌ಎಲ್‌ಎ ಎಂಬ ಜೀನ್‌ಗಳ ಗುಂಪಿದೆ. ಇವು ತಯಾರಿಸುವ ಅಣುಗಳು ಜೀವಕೋಶದ ಮೇಲ್ಮೈಯಲ್ಲಿ ಕುಳಿತು, ಒಳಗೆ ಸಿಕ್ಕ ಪ್ರೋಟೀನ್ ಚೂರುಗಳನ್ನು ತಮ್ಮ ಸೀಳಿನಲ್ಲಿ ಹಿಡಿದು ರೋಗನಿರೋಧಕ ವ್ಯವಸ್ಥೆಯ ಟಿ ಕಣಗಳಿಗೆ ತೋರಿಸುತ್ತವೆ. ಚೂರು ಪರಕೀಯವೆಂದು ಟಿ ಕಣಕ್ಕೆ ಕಂಡರೆ ಯುದ್ಧ ಘೋಷಣೆ. ಈ ಸೀಳಿನ ಆಕಾರ ಮನುಷ್ಯರಿಂದ ಮನುಷ್ಯರಿಗೆ ಬೇರೆ. ಅಂಗಾಂಗ ಕಸಿಯ ಮುನ್ನ ‘ಮ್ಯಾಚ್’ ನೋಡುವುದು ಇದನ್ನೇ.

ಸೀಲಿಯಾಕ್‌ಗೂ ಎಚ್‌ಎಲ್‌ಎಗೂ ನಂಟಿದೆಯೆಂಬ ಸುಳಿವು ಸಿಕ್ಕಿದ್ದು 1972ರಲ್ಲಿ. ನಿಜವಾದ ಅಪರಾಧಿ ಡಿಕ್ಯು2 ಎಂಬ ಅಣು ಎಂದು ಓಸ್ಲೋದ ಲುಡ್ವಿಗ್ ಸೊಲ್ಲಿಡ್ ಮತ್ತು ಸಂಗಡಿಗರು 1989ರಲ್ಲಿ ಬೆರಳಿಟ್ಟು ತೋರಿಸಿದರು. ರೋಗಿಗಳಲ್ಲಿ ಸುಮಾರು ಶೇ 90ರಷ್ಟು ಮಂದಿಯಲ್ಲಿ ಡಿಕ್ಯು2, ಉಳಿದವರಲ್ಲಿ ಹೆಚ್ಚಿನವರಿಗೆ ಡಿಕ್ಯು8. ಎರಡೂ ಇಲ್ಲದವರಿಗೆ ಈ ಕಾಯಿಲೆ ಬರುವುದು ಅತಿ ವಿರಳ.

ಡಿಕ್ಯು2 ಎರಡು ತುಂಡುಗಳು ಕೂಡಿ ಆಗುವ ಅಣು. ಎರಡೂ ತುಂಡಿನ ಜೀನ್ ಒಬ್ಬ ಪಾಲಕರಿಂದಲೇ ಬರಬಹುದು. ಒಂದು ಅಪ್ಪನಿಂದ, ಇನ್ನೊಂದು ಅಮ್ಮನಿಂದ ಬಂದು ಮಗುವಿನಲ್ಲಿ ಮೊದಲ ಬಾರಿ ಜೋಡಿಯಾಗಲೂಬಹುದು. ಹಾಗಾಗಿ ‘ನಮ್ಮ ಎರಡೂ ಕಡೆ ಯಾರಿಗೂ ಇರಲಿಲ್ಲವಲ್ಲ’ ಎಂದು ತಂದೆತಾಯಿ ಕಂಗಾಲಾಗುವುದು ಸಹಜ, ಆದರೆ ಅದರಿಂದ ರೋಗವಿಲ್ಲವೆಂದು ತೀರ್ಮಾನಿಸಲಾಗದು.

ಓಸ್ಲೋ ತಂಡ 1993ರಲ್ಲಿ ರೋಗಿಗಳ ಕರುಳಿನ ಬಯಾಪ್ಸಿ ಚೂರುಗಳಿಂದಲೇ ಗ್ಲುಟೆನ್ ಗುರುತಿಸುವ ಟಿ ಕಣಗಳನ್ನು ಹೊರತೆಗೆಯಿತು. ಕಿಣ್ವ ಮಾರ್ಪಡಿಸಿದ ಗ್ಲುಟೆನ್ ಕೊಟ್ಟಾಗ ಆ ಕಣಗಳು ಎಷ್ಟೋ ಪಟ್ಟು ಹೆಚ್ಚು ಕೆರಳುತ್ತವೆ ಎಂಬುದು 1998ರಲ್ಲಿ ತಿಳಿಯಿತು. ಕಾರಣ ಸರಳ: ಡಿಕ್ಯು2ರ ಸೀಳಿನಲ್ಲಿ ಧನ ಆವೇಶವಿದೆ, ಋಣ ಆವೇಶ ಹೊತ್ತ ತುಣುಕು ಅಲ್ಲಿ ಗಟ್ಟಿಯಾಗಿ ಕೂರುತ್ತದೆ. ಜೀನ್, ಧಾನ್ಯ, ಕಿಣ್ವ ಮೂರೂ ಸೇರುವ ಜಾಗ ಇದೇ.

ತನ್ನದರ ಮೇಲೇ ಸಿಟ್ಟು

ಸೀಲಿಯಾಕ್ ರೋಗಿಯ ರಕ್ತದಲ್ಲಿ ಗ್ಲುಟೆನ್ ವಿರುದ್ಧವಷ್ಟೇ ಅಲ್ಲ, ದೇಹದ ಸ್ವಂತ ವಸ್ತುವೊಂದರ ವಿರುದ್ಧವೂ ಪ್ರತಿಕಾಯಗಳಿರುತ್ತವೆ. ಆ ವಸ್ತು ಯಾವುದೆಂದು ಬರ್ಲಿನ್‌ನಲ್ಲಿ ಡೆಟ್ಲೆಫ್ ಶುಪ್ಪಾನ್ ಅವರ ತಂಡ 1997ರಲ್ಲಿ ಪತ್ತೆಮಾಡಿತು: ಅದೇ ಟ್ರಾನ್ಸ್‌ಗ್ಲುಟಮಿನೇಸ್ ಕಿಣ್ವ. ಇಂದು ಲ್ಯಾಬ್‌ಗಳಲ್ಲಿ ಮಾಡುವ ‘ಟಿಟಿಜಿ’ ರಕ್ತಪರೀಕ್ಷೆ ಆ ಶೋಧದ ಫಲ.

ದೇಹ ತನ್ನ ಕಿಣ್ವವನ್ನೇ ಏಕೆ ದ್ವೇಷಿಸುತ್ತದೆ? ಬಹುಮಂದಿ ಒಪ್ಪುವ ವಿವರಣೆ ಹೀಗಿದೆ. ಕಿಣ್ವ ಗ್ಲುಟೆನ್ ತುಣುಕನ್ನು ಹಿಡಿದಾಗ ಕೆಲವೊಮ್ಮೆ ಎರಡೂ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಪ್ರತಿಕಾಯ ತಯಾರಿಸುವ ಬಿ ಕಣ ಕಿಣ್ವವನ್ನು ನುಂಗಿದರೆ ಜತೆಗೆ ಗ್ಲುಟೆನ್ನೂ ಒಳಗೆ ಬರುತ್ತದೆ. ಅದನ್ನು ಕಂಡ, ಮೊದಲೇ ಕೆರಳಿದ ಟಿ ಕಣ ಬಿ ಕಣಕ್ಕೆ ಮುಂದುವರಿಯಲು ಅಪ್ಪಣೆ ಕೊಡುತ್ತದೆ. ಸಿಟ್ಟು ಗ್ಲುಟೆನ್ ಮೇಲೆ, ಪೆಟ್ಟು ಕಿಣ್ವಕ್ಕೆ. ಗೋಧಿ ಬಿಟ್ಟ ಮೇಲೆ ಈ ಪ್ರತಿಕಾಯಗಳು ತಿಂಗಳುಗಟ್ಟಲೆ ಇಳಿಯುತ್ತಾ ಹೋಗುವುದಕ್ಕೂ ಇದೇ ಕಾರಣ.

ಆದರೆ ವಿಲ್ಲೈಗಳನ್ನು ನೇರವಾಗಿ ಕೊಲ್ಲುವುದು ಇನ್ನೊಂದು ಪಡೆ, ಕರುಳಿನ ಒಳಪದರದ ಜೀವಕೋಶಗಳ ನಡುವೆಯೇ ಬೀಡುಬಿಟ್ಟ ಮಾರಕ ಕಣಗಳು. ಇಂಟರ್‌ಲ್ಯೂಕಿನ್–15 ಎಂಬ ಸಂದೇಶ ಪ್ರೋಟೀನು ಹೆಚ್ಚಾದಾಗ ಇವು ಹತೋಟಿ ತಪ್ಪುತ್ತವೆ. ಷಿಕಾಗೋದ ಬಾನಾ ಜಬ್ರಿ ಅವರ ತಂಡ 2020ರಲ್ಲಿ ಇಲಿಗಳಲ್ಲಿ ಇದನ್ನು ಪರೀಕ್ಷಿಸಿತು. ಡಿಕ್ಯು8 ಜೀನ್, ಗ್ಲುಟೆನ್ ಊಟ, ಇಂಟರ್‌ಲ್ಯೂಕಿನ್–15ರ ಹೆಚ್ಚಳ ಮೂರೂ ಒಟ್ಟಾದಾಗಲೇ ಕರುಳು ಹಾಳಾಯಿತು.

ಜೀನ್ ಇದ್ದವರೆಲ್ಲ ರೋಗಿಗಳಲ್ಲ

ಡಿಕ್ಯು2 ಅಥವಾ ಡಿಕ್ಯು8 ಇರುವವರು ಅನೇಕ ಜನಸಮುದಾಯಗಳಲ್ಲಿ ಶೇ 30ರಿಂದ 40ರಷ್ಟಿದ್ದಾರೆ. ಕಾಯಿಲೆ ಬರುವುದು ಅವರಲ್ಲಿ ನೂರಕ್ಕೆ ಮೂವರಿಗೆ ಮಾತ್ರ. ಒಂದೇ ಅಂಡದಿಂದ ಹುಟ್ಟಿದ ಅವಳಿಗಳಲ್ಲಿ ಒಬ್ಬರಿಗೆ ಬಂದರೆ ಇನ್ನೊಬ್ಬರಿಗೂ ಬರುವುದು ನಾಲ್ಕರಲ್ಲಿ ಮೂರು ಪಾಲು. ಅಂದರೆ ವಂಶದ ಕೈ ಬಲವಾಗಿದೆ, ಆದರೂ ಅದೊಂದೇ ಸಾಲದು.

ಜೀನ್ ಸಮೂಹಗಳನ್ನು ಜಾಲಾಡಿದ 2007ರ ನಂತರದ ಅಧ್ಯಯನಗಳು ಎಚ್‌ಎಲ್‌ಎ ಹೊರಗೆ ಸುಮಾರು 40 ತಾಣಗಳನ್ನು ಗುರುತಿಸಿವೆ. ಒಂದೊಂದರ ಪ್ರಭಾವವೂ ಚಿಕ್ಕದು. ಬಹುತೇಕ ಎಲ್ಲವೂ ರೋಗನಿರೋಧಕ ಕಣಗಳ ಕೆಲಸಕ್ಕೆ ಸಂಬಂಧಿಸಿದವು, ಹಲವು ಟೈಪ್ 1 ಮಧುಮೇಹದಲ್ಲೂ ಪಾಲುದಾರರು. ಅವುಗಳಲ್ಲೊಂದು ‘ಎಸ್‌ಎಚ್2ಬಿ3’. ಇದರ ಅಪಾಯಕಾರಿ ರೂಪ ಹೊತ್ತವರ ಕಣಗಳು ಬ್ಯಾಕ್ಟೀರಿಯಾದ ಅಂಶಗಳಿಗೆ ಹೆಚ್ಚು ಚುರುಕಾಗಿ ಸ್ಪಂದಿಸುತ್ತವೆ. ಸೋಂಕುಗಳೇ ದೊಡ್ಡ ಶತ್ರುವಾಗಿದ್ದ ಕಾಲದಲ್ಲಿ ಅದು ಜೀವ ಉಳಿಸಿರಬಹುದು. ನಮ್ಮ ಹಿರಿಯರನ್ನು ಕಾಪಾಡಿದ ಚುರುಕುತನಕ್ಕೆ ಈಗಿನ ಮಗು ಬೆಲೆ ತೆರುತ್ತಿದೆಯೇ ಎಂಬ ಪ್ರಶ್ನೆ ಇಲ್ಲಿ ಎದುರಾಗುತ್ತದೆ, ಅದನ್ನು ನಾನು ಹಗುರವಾಗಿ ಕೇಳುತ್ತಿಲ್ಲ.

ಹಾಗಾದರೆ ಉಳಿದ ಕಾರಣ ಯಾವುದು? ಸ್ವೀಡನ್ನಿನಲ್ಲಿ 1980ರ ದಶಕದ ನಡುವಿನಿಂದ ಎರಡು ವರ್ಷದೊಳಗಿನ ಮಕ್ಕಳಲ್ಲಿ ಸೀಲಿಯಾಕ್ ನಾಲ್ಕು ಪಟ್ಟು ಏರಿ, ಸುಮಾರು ಹತ್ತು ವರ್ಷದ ನಂತರ ಅಷ್ಟೇ ವೇಗವಾಗಿ ಇಳಿಯಿತು. ಇಷ್ಟು ಬೇಗ ಜೀನ್‌ಗಳು ಬದಲಾಗಲಾರವು. ಮಕ್ಕಳಿಗೆ ಗೋಧಿ ಶುರು ಮಾಡುವ ಸಮಯ ಮತ್ತು ಹಿಟ್ಟಿನ ಪ್ರಮಾಣ ಆ ವರ್ಷಗಳಲ್ಲಿ ಬದಲಾಗಿತ್ತು. ಸರಿಯಾದ ತಿಂಗಳಲ್ಲಿ ಗೋಧಿ ರುಚಿ ತೋರಿಸಿದರೆ ರೋಗ ತಡೆಯಬಹುದೆಂಬ ಆಸೆ ಆಗ ಚಿಗುರಿತು. ಆ ಆಸೆಯನ್ನು ಎರಡು ಅಧ್ಯಯನಗಳು ಸರಿಯಾಗಿ ಒರೆಗೆ ಹಚ್ಚಿದವು. ಯುರೋಪಿನ ಹಲವು ದೇಶಗಳ ಅಪಾಯದಂಚಿನ ಮಕ್ಕಳಲ್ಲಿ ಕೆಲವರಿಗೆ ನಾಲ್ಕರಿಂದ ಆರು ತಿಂಗಳೊಳಗೆ ಚಿಟಿಕೆ ಗ್ಲುಟೆನ್ ಕೊಟ್ಟರು. ಇಟಲಿಯಲ್ಲಿ ಕೆಲವರಿಗೆ ಆರನೇ ತಿಂಗಳಿಗೆ, ಕೆಲವರಿಗೆ ವರ್ಷ ತುಂಬಿದ ಮೇಲೆ ಶುರು ಮಾಡಿದರು. 2014ರಲ್ಲಿ ಬಂದ ಎರಡೂ ಫಲಿತಾಂಶ ಒಂದೇ ಮಾತು ಹೇಳಿದವು: ಸಮಯ ಬದಲಿಸಿದ್ದರಿಂದ ಕಾಯಿಲೆ ತಪ್ಪಲಿಲ್ಲ. ಎದೆಹಾಲೂ ಇದನ್ನು ತಡೆಯಲಿಲ್ಲ. ‘ನಾನೇ ಬೇಗ ಗೋಧಿ ಕೊಟ್ಟೆನೇನೋ’ ಎಂದು ವರ್ಷಗಟ್ಟಲೆ ಕೊರಗುವ ತಾಯಂದಿರಿಗೆ ಈ ಫಲಿತಾಂಶವನ್ನು ಪ್ರತಿ ವೈದ್ಯರೂ ಬಾಯಿಬಿಟ್ಟು ಹೇಳಬೇಕು.

ಪ್ರಮಾಣದ ಮಾತು ಬೇರೆ. ಅಪಾಯದ ಜೀನ್ ಹೊತ್ತ ಮಕ್ಕಳನ್ನು ಹಲವು ದೇಶಗಳಲ್ಲಿ ಹುಟ್ಟಿನಿಂದ ಹಿಂಬಾಲಿಸಿದ ಟೆಡ್ಡಿ ಅಧ್ಯಯನ, ಮೊದಲ ಐದು ವರ್ಷ ಹೆಚ್ಚು ಗ್ಲುಟೆನ್ ತಿಂದವರಲ್ಲಿ ಅಪಾಯ ಹೆಚ್ಚೆಂದು 2019ರಲ್ಲಿ ವರದಿ ಮಾಡಿತು. ವೈರಸ್‌ಗಳ ಮೇಲೂ ಗುಮಾನಿ ಇದೆ. ಯಾವ ಲಕ್ಷಣವನ್ನೂ ತೋರಿಸದೆ ಬಂದುಹೋಗುವ ರಿಯೋವೈರಸ್ ಸೋಂಕು, ಅದೇ ಹೊತ್ತಿಗೆ ತಿಂದ ಗ್ಲುಟೆನ್ನನ್ನು ಶತ್ರುವಿನಂತೆ ಕಾಣಲು ಇಲಿಗಳ ಕರುಳಿಗೆ ಕಲಿಸಿಬಿಡುತ್ತದೆಂದು 2017ರಲ್ಲಿ ಕಂಡುಬಂತು. ನಾರ್ವೆಯಲ್ಲಿ ಮಕ್ಕಳ ಮಲದ ಮಾದರಿಗಳನ್ನು ತಿಂಗಳು ತಿಂಗಳು ಕೂಡಿಟ್ಟು ನೋಡಿದಾಗ, ಮುಂದೆ ಸೀಲಿಯಾಕ್ ಬಂದವರಲ್ಲಿ ಎಂಟರೋವೈರಸ್ ಹೆಚ್ಚಾಗಿತ್ತು.

ವೆಲ್ಲೂರಿನ ಅಂಕಿ ನಮಗೆ ಹೇಳುವುದು

ಭಾರತದ ಮೂರು ಭಾಗಗಳಲ್ಲಿ 23,331 ವಯಸ್ಕರ ರಕ್ತ ಪರೀಕ್ಷಿಸಿದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಸೀಲಿಯಾಕ್ ಪ್ರತಿಕಾಯಗಳು ಉತ್ತರದಲ್ಲಿ ಶೇ 1.23, ಈಶಾನ್ಯದಲ್ಲಿ ಶೇ 0.87, ದಕ್ಷಿಣದ ವೆಲ್ಲೂರಿನ ಕಡೆ ಶೇ 0.10 ಮಂದಿಯಲ್ಲಿದ್ದವು. ಉತ್ತರದವರು ದಿನಕ್ಕೆ ಸರಾಸರಿ 455 ಗ್ರಾಂ ಗೋಧಿ ತಿನ್ನುತ್ತಿದ್ದರೆ ದಕ್ಷಿಣದವರು 25 ಗ್ರಾಂ. ‘ನಮ್ಮ ರಕ್ತವೇ ಬೇರೆ’ ಎಂದು ದಕ್ಷಿಣದವರು ಸಮಾಧಾನ ಪಡುವಂತಿಲ್ಲ. ಡಿಕ್ಯು2 ಅಥವಾ ಡಿಕ್ಯು8 ಉತ್ತರದಲ್ಲಿ ಶೇ 38.1, ದಕ್ಷಿಣದಲ್ಲಿ ಶೇ 36.4 ಮಂದಿಯಲ್ಲಿತ್ತು. ಜೀನ್ ಇಲ್ಲೂ ಇದೆ, ಅಲ್ಲಿನಷ್ಟೇ ಇದೆ.

ಗೋಧಿ ಹೆಚ್ಚಾದರೆ ಕಾಯಿಲೆ ಹೆಚ್ಚು ಎಂದು ಲೆಕ್ಕ ಮುಗಿಸಿಬಿಡಬಹುದಿತ್ತು, ಆದರೆ ಈಶಾನ್ಯದ ಅಂಕಿ ಬಿಡುವುದಿಲ್ಲ. ಅಲ್ಲಿಯವರು ತಿನ್ನುವುದು ದಿನಕ್ಕೆ 37 ಗ್ರಾಂ ಗೋಧಿ, ನಮಗಿಂತ ತುಸುವೇ ಹೆಚ್ಚು. ಆದರೂ ಅವರಲ್ಲಿ ಪ್ರತಿಕಾಯ ವೆಲ್ಲೂರಿನ ಎಂಟು ಪಟ್ಟಿಗೂ ಮಿಗಿಲು. ಗೋಧಿ ಮತ್ತು ಡಿಕ್ಯು ಜೀನ್ ಎರಡರಾಚೆ ಇನ್ನೇನೋ ಕೆಲಸ ಮಾಡುತ್ತಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನಮ್ಮ ದೇಶದಲ್ಲಿ ಸಿಗದು. ಅನ್ನ, ರಾಗಿ, ಜೋಳದ ಮೇಲೆ ಬೆಳೆದ ಕರ್ನಾಟಕದ ಊಟದಲ್ಲಿ ಚಪಾತಿ, ಪರೋಟ, ಬ್ರೆಡ್, ಬಿಸ್ಕತ್ತು, ನೂಡಲ್ಸ್ ದಿನನಿತ್ಯದ್ದಾಗುತ್ತಿರುವ ಈ ಹೊತ್ತಿನಲ್ಲಿ ಇಂಥದೇ ಅಧ್ಯಯನ ಇಲ್ಲಿಯೂ ನಡೆಯಬೇಕು.

ವೈದ್ಯರೂ ಈ ಸಾಧ್ಯತೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕಾಗಿದೆ. ವಯಸ್ಕರಲ್ಲಿ ಸೀಲಿಯಾಕ್ ಭೇದಿಯಾಗಿ ಬರಬೇಕೆಂದಿಲ್ಲ. ಎಷ್ಟು ಮಾತ್ರೆ ನುಂಗಿದರೂ ಏರದ ಹಿಮೋಗ್ಲೋಬಿನ್, ಬೇಗ ಟೊಳ್ಳಾಗುವ ಮೂಳೆ, ಬೆಳೆಯದ ಎತ್ತರ, ತಡವಾಗುವ ಋತುಚಕ್ರ, ಮತ್ತೆ ಮತ್ತೆ ಆಗುವ ಗರ್ಭಪಾತ ಇವುಗಳ ಹಿಂದೆಯೂ ಅದು ಅಡಗಿರಬಹುದು.

ಬಿಡುವ ಮೊದಲು ಪರೀಕ್ಷೆ

ಮೊದಲು ಟಿಟಿಜಿ ರಕ್ತಪರೀಕ್ಷೆ, ನಂತರ ಎಂಡೋಸ್ಕೋಪಿಯಲ್ಲಿ ಸಣ್ಣ ಕರುಳಿನ ಬಯಾಪ್ಸಿ. ಈ ಎರಡಕ್ಕೂ ರೋಗಿ ಗೋಧಿ ತಿನ್ನುತ್ತಿರಬೇಕು. ಅನುಮಾನ ಬಂದ ಕೂಡಲೇ, ಅಥವಾ ತೂಕ ಇಳಿಸುವ ಹುಮ್ಮಸ್ಸಿನಲ್ಲಿ ಗೋಧಿ ಬಿಟ್ಟು ಆಮೇಲೆ ಪರೀಕ್ಷೆಗೆ ಹೋದರೆ ಪ್ರತಿಕಾಯ ಇಳಿದಿರುತ್ತದೆ, ಕರುಳು ಅರ್ಧ ವಾಸಿಯಾಗಿರುತ್ತದೆ, ಉತ್ತರ ಸಿಗುವುದಿಲ್ಲ. ಜೀನ್ ಪರೀಕ್ಷೆಯ ಉಪಯೋಗ ಒಂದೇ ದಿಕ್ಕಿನದು. ಡಿಕ್ಯು2, ಡಿಕ್ಯು8 ಎರಡೂ ಇಲ್ಲವೆಂದರೆ ಸೀಲಿಯಾಕ್ ಅನ್ನು ಬಹುತೇಕ ಕೈಬಿಡಬಹುದು. ಇದೆ ಎಂದರೆ ನೀವು ಮೂರನೇ ಒಂದು ಭಾಗ ಜನರಲ್ಲಿ ಒಬ್ಬರು, ಅಷ್ಟೇ. ಆ ಕಾಗದ ಹಿಡಿದು ಆರೋಗ್ಯವಾಗಿರುವ ಮಗುವಿನ ಚಪಾತಿ ನಿಲ್ಲಿಸುವುದು ಅನ್ಯಾಯ.

ರೋಗ ಖಚಿತವಾದರೆ ಪಥ್ಯ ಜೀವನಪರ್ಯಂತ. ನಮ್ಮ ಅದೃಷ್ಟಕ್ಕೆ ಅಕ್ಕಿ, ರಾಗಿ, ಜೋಳ, ಸಜ್ಜೆ, ನವಣೆ ಯಾವುದರಲ್ಲೂ ಗ್ಲುಟೆನ್ ಇಲ್ಲ. ಮುದ್ದೆ, ಜೋಳದ ರೊಟ್ಟಿ, ಇಡ್ಲಿ ಧಾರಾಳವಾಗಿ ತಿನ್ನಬಹುದು. ಗೋಧಿ ರವೆಯ ಉಪ್ಪಿಟ್ಟು, ಗೋಧಿ ಶಾವಿಗೆ, ಚಿರೋಟಿ, ಹೋಳಿಗೆ ದೂರ. ‘ಹಳೇ ತಳಿ’ ಎಂಬ ಕಾರಣಕ್ಕೆ ಕಪ್ಲಿ ಗೋಧಿ ಸುರಕ್ಷಿತವೆಂಬ ಮಾತು ಸುಳ್ಳು, ಅದರಲ್ಲೂ ಗ್ಲುಟೆನ್ ಇದೆ. ಅಂಗಡಿಯ ಇಂಗಿಗೆ ಮೈದಾ ಬೆರೆಸುವುದು ಸಾಮಾನ್ಯ. ಗೋಧಿ ಬೀಸಿದ ಗಿರಣಿಯಲ್ಲೇ ರಾಗಿ ಬೀಸಿದರೆ ಆ ರಾಗಿ ಹಿಟ್ಟಿಗೂ ಗೋಧಿ ಸೇರುತ್ತದೆ. ಭಾರತದ ಆಹಾರ ನಿಯಮದ ಪ್ರಕಾರ ‘ಗ್ಲುಟೆನ್ ಫ್ರೀ’ ಎಂದು ಬರೆಯಬೇಕಾದರೆ ಕಿಲೋಗೆ 20 ಮಿಲಿಗ್ರಾಂ ಮೀರಬಾರದು. ಎಷ್ಟು ಕಡಿಮೆ ಪ್ರಮಾಣಕ್ಕೆ ಈ ಕರುಳು ಕೆರಳುತ್ತದೆ ಎಂಬುದು ಈ ಮಿತಿಯಿಂದಲೇ ತಿಳಿಯುತ್ತದೆ.

ಕಾರಣ ಇಷ್ಟು ವಿವರವಾಗಿ ಗೊತ್ತಾದ ಮೇಲೆ ಔಷಧಿಗೂ ದಾರಿ ತೆರೆದಿದೆ. ಗ್ಲುಟೆನ್ನನ್ನು ಸಹಿಸಲು ಟಿ ಕಣಗಳಿಗೆ ಮತ್ತೆ ಕಲಿಸುವ ಗುರಿಯ ಲಸಿಕೆಯೊಂದರ ಪ್ರಯೋಗ 2019ರಲ್ಲಿ ಫಲವಿಲ್ಲದೆ ನಿಂತಿತು. ಟ್ರಾನ್ಸ್‌ಗ್ಲುಟಮಿನೇಸ್‌ನ ಕೈ ಕಟ್ಟುವ ಮಾತ್ರೆ ಹೆಚ್ಚು ಭರವಸೆ ಹುಟ್ಟಿಸಿದೆ. ಆ ಕಿಣ್ವವನ್ನು ಗುರುತಿಸಿದ್ದ ಶುಪ್ಪಾನ್ ಅವರೇ ಮುಂದಾಳಾಗಿದ್ದ ಪ್ರಯೋಗದಲ್ಲಿ, ಪಥ್ಯದಿಂದ ಚೇತರಿಸಿಕೊಂಡಿದ್ದ ರೋಗಿಗಳು ಆರು ವಾರ ದಿನಕ್ಕೆ 3 ಗ್ರಾಂ ಗ್ಲುಟೆನ್ ತಿಂದರು. ಮಾತ್ರೆ ಪಡೆದವರ ಕರುಳಿಗೆ ಆದ ಹಾನಿ ಉಳಿದವರಿಗಿಂತ ಕಡಿಮೆಯಿತ್ತು ಎಂದು 2021ರಲ್ಲಿ ವರದಿಯಾಯಿತು. ಇಂಥ ಮಾತ್ರೆ ಕೈಗೆ ಸಿಕ್ಕರೂ ಮನಸ್ಸಿಗೆ ಬಂದಷ್ಟು ಚಪಾತಿ ತಿನ್ನಲು ಅದು ಪರವಾನಗಿಯಾಗುವ ಲಕ್ಷಣವಿಲ್ಲ. ಮದುವೆ ಮನೆಯ ಸಾರಿನ ಒಗ್ಗರಣೆಯಲ್ಲಿದ್ದ ಇಂಗು, ಹಾಸ್ಟೆಲಿನಲ್ಲಿ ಗೋಧಿ ಹಿಟ್ಟು ತಾಗಿದ ಕಾವಲಿಯ ಮೇಲೆ ಹುಯ್ದ ದೋಸೆ, ಇಂಥವುಗಳಿಂದ ತಿಳಿಯದೆ ಒಳಹೋಗುವ ಚೂರುಪಾರು ಗ್ಲುಟೆನ್‌ನಿಂದ ರೋಗಿಯನ್ನು ಕಾಯುವುದು ಅದರ ಮೊದಲ ಕೆಲಸವಾಗಬಹುದು.